ಜನೌಷಧಿಯ ಅಟೋರ್ವಾಸ್ಟಾಟಿನ್ 10: ಹಾಸನದಲ್ಲಿ ಕೊಳ್ಳುವವರಿಗೆ

ಹಾಸನದ ಜನೌಷಧಿ ಅಂಗಡಿಯಲ್ಲಿ ಸಿಗುವ, ಕೊಲೆಸ್ಟ್ರಾಲ್ ಇಳಿಸುವ ಮಾತ್ರೆ ಅಟೋರ್ವಾಸ್ಟಾಟಿನ್ 10 ಮಿ.ಗ್ರಾಂ, ಬ್ರ್ಯಾಂಡೆಡ್ ಮಾತ್ರೆಗಿಂತ ಎಷ್ಟೋ ಅಗ್ಗ. ಔಷಧ ಅದೇ, ಕೆಲಸವೂ ಅದೇ. ಡಾಕ್ಟರ ಚೀಟಿ ಬೇಕೇಬೇಕು.

ಈ ಮಾತ್ರೆ ಲಿವರ್‌ನಲ್ಲಿ ಕೊಲೆಸ್ಟ್ರಾಲ್ ತಯಾರಾಗುವುದನ್ನು ತಡೆಯುತ್ತದೆ. ಆಗ ಲಿವರ್ ಹೆಚ್ಚು ರಿಸೆಪ್ಟರ್ (ಕೊಲೆಸ್ಟ್ರಾಲ್ ಹಿಡಿಯುವ ಕೊಂಡಿ) ಬೆಳೆಸಿಕೊಂಡು ರಕ್ತದಿಂದಲೇ ‘ಕೆಟ್ಟ ಕೊಲೆಸ್ಟ್ರಾಲ್’ ಆದ ಎಲ್‌ಡಿಎಲ್ ಎಳೆದುಕೊಳ್ಳುತ್ತದೆ. ಎಲ್‌ಡಿಎಲ್ 160 ಇದ್ದರೆ ಸುಮಾರು 100ಕ್ಕೆ ಇಳಿಯಬಹುದು. ಡೋಸ್ ದುಪ್ಪಟ್ಟು ಮಾಡಿದರೆ ಇನ್ನು ಶೇ. 6ರಷ್ಟು ಮಾತ್ರ ಹೆಚ್ಚು ಇಳಿಕೆ. ಹಾಗಾಗಿ ನೀವೇ ಎರಡು ನುಂಗಬೇಡಿ.

ನಿಜವಾದ ಅಪಾಯ ಇರುವುದು ರಕ್ತನಾಳದ ಗೋಡೆಯೊಳಗೆ ಸೇರಿ ಆಕ್ಸಿಡೀಕರಣಗೊಂಡ (ಆಮ್ಲಜನಕದ ಪ್ರಭಾವದಿಂದ ಕೆಟ್ಟ) ಎಲ್‌ಡಿಎಲ್‌ನಲ್ಲಿ. ಮ್ಯಾಕ್ರೋಫೇಜ್ ಎಂಬ ರಕ್ಷಣಾ ಕೋಶಗಳು ಅದನ್ನು ನುಂಗಿ ಕೊಬ್ಬಿನಿಂದ ಉಬ್ಬುತ್ತವೆ, ಅಲ್ಲಿಂದ ಪ್ಲಾಕ್ (ನಾಳದ ಗೋಡೆಯಲ್ಲಿ ಕಟ್ಟುವ ಕೊಬ್ಬಿನ ಗಡ್ಡೆ) ಶುರು. ಎಲ್‌ಡಿಎಲ್ ಕಣಗಳೇ ಕಡಿಮೆಯಾದಾಗ ಆಕ್ಸಿಡೀಕರಣಕ್ಕೆ ಸಿಗುವ ಸರಕೂ ಕಡಿಮೆ. ಆಕ್ಸಿಡೀಕರಣ ತಡೆಯುತ್ತದೆಂದು ತಿನ್ನುವ ವಿಟಮಿನ್ ಇ ಮಾತ್ರೆ ಇದಕ್ಕೆ ಬದಲಿಯಲ್ಲ. ದೊಡ್ಡ ಪ್ರಯೋಗಗಳಲ್ಲಿ ಅದು ಹೃದಯಾಘಾತ ತಡೆಯಲಿಲ್ಲ. ಮಾಮೂಲಿ ಲಿಪಿಡ್ ಪ್ರೊಫೈಲ್ (ಕೊಲೆಸ್ಟ್ರಾಲಿನ ರಕ್ತ ಪರೀಕ್ಷೆ) ಈ ಆಕ್ಸಿಡೀಕರಣವನ್ನು ಅಳೆಯುವುದೂ ಇಲ್ಲ.

ಶುರು ಮಾಡಿ 4ರಿಂದ 12 ವಾರದೊಳಗೆ ಮತ್ತೆ ರಕ್ತ ಪರೀಕ್ಷೆ ಮಾಡಿಸಿ. ಅದರಲ್ಲಿ ಟ್ರೈಗ್ಲಿಸರೈಡ್ (ರಕ್ತದಲ್ಲಿನ ಇನ್ನೊಂದು ಕೊಬ್ಬು) 400 ದಾಟಿದ್ದರೆ ಲೆಕ್ಕ ಹಾಕಿ ಕೊಟ್ಟ ಎಲ್‌ಡಿಎಲ್ ನಂಬಬೇಡಿ, ನೇರ ಅಳತೆ ಕೇಳಿ. ಕಾಫಿ ನಾಡಿನವರಿಗೆ ಒಂದು ಮಾತು: ಸೋಸದೆ ಕುದಿಸಿದ ಕಾಫಿಯಲ್ಲಿರುವ ಕೆಫೆಸ್ಟಾಲ್ ಎಲ್‌ಡಿಎಲ್ ಏರಿಸುತ್ತದೆ, ಪೇಪರ್ ಫಿಲ್ಟರ್ ಅದನ್ನು ಬಹುಪಾಲು ಹಿಡಿಯುತ್ತದೆ.

ಮಾತ್ರೆ ತೆಗೆದುಕೊಳ್ಳುವಾಗ ಕಾರಣವಿಲ್ಲದೆ ತೊಡೆ, ಭುಜ ನೋಯತೊಡಗಿದರೆ ಡಾಕ್ಟರಿಗೆ ತಿಳಿಸಿ; ಮೂತ್ರ ಕಡುಕಂದಾದರೆ ಅದೇ ದಿನ ಹೋಗಿ.