ಹಳೆ ಡೆಲ್ ಆರ್720: ಡಿಸ್ಕ್ ಸೇರಿಸಿ 8 ಟಿಬಿಯನ್ನು 16 ಮಾಡಿದ ಮೇಲೆ

ತೀರ್ಥಹಳ್ಳಿಯಲ್ಲಿ ನಮ್ಮದು ಮದುವೆ ಫೋಟೋ, ವಿಡಿಯೋ ಮಾಡುವ ಸ್ಟುಡಿಯೋ. ಫೈಲ್ ಎಲ್ಲಾ ಇರುವುದು ಡೆಲ್ ಪವರ್‌ಎಡ್ಜ್ ಆರ್720 ಸರ್ವರ್‌ನಲ್ಲಿ. 2012ರ ಮಾಡೆಲ್. ಬೆಂಗಳೂರಿನ ಎಸ್.ಪಿ. ರೋಡಿನಿಂದ ಸೆಕೆಂಡ್ ಹ್ಯಾಂಡ್ ತಂದದ್ದು, ಈಗ ಎಷ್ಟೋ ಮದುವೆ ಸೀಸನ್ ಕಳೆದಿದೆ. 100 ಎಂಬಿಪಿಎಸ್‌ನಲ್ಲಿ 4ಕೆ ತೆಗೆದರೆ ಒಂದು ಕ್ಯಾಮೆರಾಗೆ ಗಂಟೆಗೆ 45 ಜಿಬಿ ಬೇಕು. ನಾಂದಿಯಿಂದ ಆರತಕ್ಷತೆವರೆಗೆ ಮೂರು ಕ್ಯಾಮೆರಾ ಓಡಿದರೆ ಎಷ್ಟಾಯಿತು, ನೀವೇ ಲೆಕ್ಕ ಹಾಕಿ. ಜಾಗ ಮುಗಿಯಿತು. ಹೊಸ ಮೆಷಿನ್ ತರುವ ಬದಲು ಇದರ ರೇಡ್ ಅನ್ನೇ, ಅಂದರೆ ಹಲವು ಡಿಸ್ಕ್ ಒಟ್ಟು ಸೇರಿಸಿ ಒಂದರಂತೆ ಬಳಸುವ ವ್ಯವಸ್ಥೆಯನ್ನೇ ಬೆಳೆಸಿದೆವು. ಅದು ಸರಿಯಾದ ತೀರ್ಮಾನ ಅಂತ ಈಗಲೂ ಅನ್ನಿಸುತ್ತದೆ.

ನಮ್ಮದರಲ್ಲಿ 3.5 ಇಂಚಿನ ಎಂಟು ಡಿಸ್ಕ್ ಹಿಡಿಯುತ್ತವೆ. ಎರಡರಲ್ಲಿ ರೇಡ್ 1 (ಎರಡರಲ್ಲೂ ಒಂದೇ ಡೇಟಾ) ಮಾಡಿ ವಿಂಡೋಸ್ ಸರ್ವರ್ ಹಾಕಿದ್ದೇವೆ. 4 ಟಿಬಿಯ ಮೂರು ಡಿಸ್ಕ್ ರೇಡ್ 5ರಲ್ಲಿದ್ದವು. ಅದರಲ್ಲಿ ಒಂದು ಡಿಸ್ಕ್‌ನಷ್ಟು ಜಾಗ ರಕ್ಷಣೆಗೆ ಹೋಗುತ್ತದೆ, ಅಂದರೆ ಉಳಿದದ್ದು 8 ಟಿಬಿ. ಖಾಲಿ ಇದ್ದ ಮೂರು ಬೇಗಳಿಗೆ (ಡಿಸ್ಕ್ ಕೂರಿಸುವ ಗೂಡುಗಳಿಗೆ) ಅದೇ ಅಳತೆಯ ಡಿಸ್ಕ್ ಹಾಕಿ, ಆರನ್ನೂ ಸೇರಿಸಿ ರೇಡ್ 6 ಮಾಡಿದೆವು. ಇದರಲ್ಲಿ ಎರಡು ಡಿಸ್ಕ್‌ನಷ್ಟು ಜಾಗ ರಕ್ಷಣೆಗೆ. ಜಾಗ 16 ಟಿಬಿ ಆಯಿತು. ಮೊದಲು ಒಂದು ಡಿಸ್ಕ್ ಕೆಟ್ಟರೆ ಮಾತ್ರ ತಡೆಯುತ್ತಿತ್ತು, ಈಗ ಎರಡು ಕೆಟ್ಟರೂ ಡೇಟಾ ಉಳಿಯುತ್ತದೆ. ಇಷ್ಟು ದೊಡ್ಡ ಡಿಸ್ಕ್‌ಗೆ ರೇಡ್ 5 ಬೇಡವೇ ಬೇಡ. ಕೆಟ್ಟ ಡಿಸ್ಕ್ ಬದಲಿಸಿ ರೀಬಿಲ್ಡ್ ಆಗಲು, ಅಂದರೆ ಅದರ ಡೇಟಾ ಹೊಸದರಲ್ಲಿ ಮತ್ತೆ ತುಂಬಲು ತುಂಬಾ ಹೊತ್ತು ಬೇಕು. ಅಷ್ಟರಲ್ಲಿ ಇನ್ನೊಂದು ಹೋದರೆ ಜನರ ಮದುವೆಯ ನೆನಪೇ ಹೋಯಿತು, ಅಲ್ವಾ?

ಈ ಕೆಲಸ ಸಾಧ್ಯವಾಗಲು ಮುಖ್ಯ ಕಾರಣ ಡಿಸ್ಕ್‌ಗಳನ್ನು ನಡೆಸುವ ಇದರ ಎಚ್710 ರೇಡ್ ಕಾರ್ಡ್. ಫೈಲ್ ಅಳಿಸದೆ, ಸರ್ವರ್ ನಿಲ್ಲಿಸದೆ ಡಿಸ್ಕ್ ಸೇರಿಸಬಹುದು, ರೇಡ್ ಬಗೆಯನ್ನೂ ಬದಲಿಸಬಹುದು. ಆದರೆ ಕೆಲವು ಕಟ್ಟುಪಾಡು ಇವೆ. ಒಂದು ಡಿಸ್ಕ್ ಗುಂಪಿನಲ್ಲಿ ಒಂದೇ ವರ್ಚುವಲ್ ಡಿಸ್ಕ್ (ವಿಂಡೋಸ್‌ಗೆ ಒಂದು ಡಿಸ್ಕ್‌ನಂತೆ ಕಾಣುವ ಭಾಗ) ಇರಬೇಕು. ಓಎಸ್‌ಗೆ ಸ್ವಲ್ಪ, ಡೇಟಾಗೆ ಉಳಿದದ್ದು ಅಂತ ಒಂದೇ ಗುಂಪನ್ನು ಹೋಳು ಮಾಡಿದ್ದರೆ ಬೆಳೆಸಲು ಬಿಡುವುದಿಲ್ಲ. ರೇಡ್ 10 (ಜೋಡಿ ಜೋಡಿ ಡಿಸ್ಕ್‌ನಲ್ಲಿ ಒಂದೇ ಡೇಟಾ ಇಡುವ ಬಗೆ) ಇದ್ದರಂತೂ ದಾರಿಯೇ ಇಲ್ಲ, ಎಲ್ಲ ಅಳಿಸಿ ಹೊಸದಾಗಿ ಕಟ್ಟಬೇಕು. ಹಳೆ ಸರ್ವರ್ ಕೊಳ್ಳುವಾಗ ಪ್ರೊಸೆಸರ್‌ಗಿಂತ ಜಾಸ್ತಿ ಈ ಕಾರ್ಡ್ ಯಾವುದು ಅಂತ ಕೇಳಿ. ಎಚ್310 ಇದ್ದರೆ ಅದಕ್ಕೆ ಕ್ಯಾಶ್ ಮೆಮೊರಿಯೇ (ಬರೆಯುವ ಡೇಟಾವನ್ನು ಸ್ವಲ್ಪ ಹೊತ್ತು ಹಿಡಿದಿಡುವ ವೇಗದ ಮೆಮೊರಿ) ಇಲ್ಲ. ಎಚ್710ರಲ್ಲಿ 512 ಎಂಬಿ ಇದೆ, ಜೊತೆಗೆ ಬ್ಯಾಟರಿ. ಆ ಬ್ಯಾಟರಿ ಸತ್ತರೆ ಕಾರ್ಡ್ ರೈಟ್ ಬ್ಯಾಕ್ (ಮೊದಲು ಕ್ಯಾಶ್‌ಗೆ, ಆಮೇಲೆ ಡಿಸ್ಕ್‌ಗೆ) ಬಿಟ್ಟು ರೈಟ್ ಥ್ರೂಗೆ (ಡಿಸ್ಕ್‌ಗೆ ಬರೆದು ಮುಗಿಯುವವರೆಗೆ ಕಾಯುವುದು) ಇಳಿಯುತ್ತದೆ, ಫೈಲ್ ಬರೆಯುವ ವೇಗ ಬಿದ್ದುಹೋಗುತ್ತದೆ. ಇಷ್ಟು ಹಳೆಯ ಮೆಷಿನ್‌ನಲ್ಲಿ ಬ್ಯಾಟರಿ ಬದಲಿಸುವ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ.

ಶುರು ಮಾಡುವ ಮುಂಚೆ ಪೂರ್ತಿ ಬ್ಯಾಕಪ್ ತೆಗೆದುಕೊಂಡೆವು. ಆರ್720ರಲ್ಲಿ ಇರುವುದು ಯುಎಸ್‌ಬಿ 2.0 ಮಾತ್ರ. ನೇರವಾಗಿ ಎಕ್ಸ್‌ಟರ್ನಲ್ ಡಿಸ್ಕ್ ಚುಚ್ಚಿದರೆ ಸೆಕೆಂಡಿಗೆ 35 ಎಂಬಿ ಬಂದರೆ ದೊಡ್ಡದು, 8 ಟಿಬಿಗೆ ಎರಡೂವರೆ ದಿನ ಆಗುತ್ತದೆ. ಗಿಗಾಬಿಟ್ ನೆಟ್‌ವರ್ಕ್ ಮೂಲಕ ಇನ್ನೊಂದು ಕಂಪ್ಯೂಟರ್‌ಗೆ ಕಳಿಸಿ, ಅಲ್ಲಿ ಯುಎಸ್‌ಬಿ 3 ಡಿಸ್ಕ್‌ಗೆ ಬರೆಸಿದರೆ ಒಂದು ಹಗಲು ರಾತ್ರಿಯಲ್ಲಿ ಮುಗಿಯುತ್ತದೆ. ಆ ಡಿಸ್ಕ್‌ಗಳು ಈಗ ಶಿವಮೊಗ್ಗದಲ್ಲಿ ಅಕ್ಕನ ಮನೆಯಲ್ಲಿವೆ.

ಓಪನ್‌ಮ್ಯಾನೇಜ್‌ನಲ್ಲಿ (ಸರ್ವರ್ ನೋಡಿಕೊಳ್ಳುವ ಡೆಲ್ ಸಾಫ್ಟ್‌ವೇರ್) ವರ್ಚುವಲ್ ಡಿಸ್ಕ್ ಆರಿಸಿ 'ರೀಕಾನ್ಫಿಗರ್' ಕೊಟ್ಟರೆ ಸಾಕು, ಉಳಿದದ್ದನ್ನು ಕಾರ್ಡ್ ನೋಡಿಕೊಳ್ಳುತ್ತದೆ. ಕ್ಲಿಕ್ ಸುಲಭ, ಕಾಯುವುದೇ ಕಷ್ಟ. ದಿನಗಟ್ಟಲೆ ಹಿಡಿಯುತ್ತದೆ. ಒಮ್ಮೆ ಶುರುವಾದರೆ ಮಧ್ಯದಲ್ಲಿ ರದ್ದು ಮಾಡಲು ಆಗುವುದಿಲ್ಲ. ಆ ಹೊತ್ತಿನಲ್ಲಿ ಎಡಿಟಿಂಗ್ ಮಾಡಬಹುದು, ಆದರೆ ಟೈಮ್‌ಲೈನ್ ತಡವರಿಸುತ್ತದೆ. ನಾವು ಹಗಲು ಆಲ್ಬಂ ಕೆಲಸ ಮಾತ್ರ ಮಾಡಿದೆವು.

ಮಲೆನಾಡಿನವರಿಗೆ ಒಂದು ಮಾತು. ಇದನ್ನು ಮಳೆಗಾಲದಲ್ಲಿ ಮಾಡಬೇಡಿ. ಆಗುಂಬೆ ಕಡೆ ಮಳೆ ಹಿಡಿದರೆ ಎಲ್ಲೋ ಮರ ಬಿದ್ದು ಲೈನ್ ಹೋಗುತ್ತದೆ, ಕರೆಂಟ್ ಯಾವಾಗ ಬರುತ್ತದೆ ಅಂತ ಹೇಳಲು ಬರುವುದಿಲ್ಲ. ಮಧ್ಯದಲ್ಲಿ ಕರೆಂಟ್ ಹೋದರೂ ಕಾರ್ಡ್ ನಿಂತಲ್ಲಿಂದ ಮುಂದುವರಿಸುತ್ತದೆ, ಅದು ನಿಜ. ಆದರೂ ಯುಪಿಎಸ್ ಜೊತೆ ಜನರೇಟರ್ ಇಲ್ಲದೆ ಸುಮ್ನೆ ಧೈರ್ಯ ಮಾಡುವುದು ಬೇಡ. ನಾವು ಮದುವೆ ಕಡಿಮೆ ಇರುವ ಧನುರ್ಮಾಸದಲ್ಲಿ ಮಾಡಿದೆವು. ಕೆಲಸವೂ ಕಡಿಮೆ, ಮಳೆಯೂ ಇಲ್ಲ.

ಡಿಸ್ಕ್ ಬಗ್ಗೆ: ಎಸ್‌ಎಂಆರ್ ಬಗೆಯದು (ಡೇಟಾ ಸಾಲುಗಳನ್ನು ಒಂದರ ಮೇಲೊಂದು ಹೆಂಚಿನಂತೆ ಹೊದಿಸಿ ಬರೆಯುವ ಡಿಸ್ಕ್) ಬೇಡ, ರೀಬಿಲ್ಡ್ ವೇಳೆ ಬರೆಯುವುದರಲ್ಲಿ ತೀರಾ ನಿಧಾನ. ಮನೆಬಳಕೆಯ ಡಿಸ್ಕ್ ಕೂಡ ಬೇಡ. ಡೆಲ್ ಲೇಬಲ್ ಇಲ್ಲದ ಡಿಸ್ಕ್‌ಗೆ ಓಪನ್‌ಮ್ಯಾನೇಜ್ ಹಳದಿ ಎಚ್ಚರಿಕೆ ತೋರಿಸುತ್ತದೆ, ಕೆಲಸಕ್ಕೆ ತೊಂದರೆ ಇಲ್ಲ. ಬೇ ಎಲ್ಲಾ ತುಂಬಿದ್ದರಿಂದ ಹಾಟ್ ಸ್ಪೇರ್‌ಗೆ (ಒಂದು ಕೆಟ್ಟ ತಕ್ಷಣ ತಾನಾಗಿ ಅದರ ಜಾಗ ಹಿಡಿಯುವ ಡಿಸ್ಕ್‌ಗೆ) ಜಾಗವಿಲ್ಲ. ಒಂದು ಹೊಸ ಡಿಸ್ಕ್ ಬೀರುವಿನಲ್ಲಿ ಇಟ್ಟಿದ್ದೇವೆ.

ಕೊನೆಗೆ ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ 'ಎಕ್ಸ್‌ಟೆಂಡ್' ಕೊಟ್ಟಾಗ 14.55 ಟಿಬಿ ಕಂಡಿತು. 16 ಎಲ್ಲಿ ಹೋಯಿತು ಅಂತ ಗಾಬರಿ ಬೇಡ, ವಿಂಡೋಸ್ 1024ರ ಲೆಕ್ಕ ಹಾಕುತ್ತದೆ. ನಿಮ್ಮ ಹಳೆಯ ಡಿಸ್ಕ್‌ನ ವಿಭಾಗಗಳ ಪಟ್ಟಿ ಹಳೆ ಎಂಬಿಆರ್ ಬಗೆಯದಾಗಿದ್ದರೆ 2 ಟಿಬಿ ದಾಟುವುದಿಲ್ಲ, ಹೊಸ ಬಗೆಯ ಜಿಪಿಟಿ ಬೇಕು. ಎನ್‌ಟಿಎಫ್‌ಎಸ್‌ನಲ್ಲಿ (ವಿಂಡೋಸ್ ಫೈಲ್ ಜೋಡಿಸಿಡುವ ಕ್ರಮ) 4 ಕೆಬಿ ಕ್ಲಸ್ಟರ್, ಅಂದರೆ ಫೈಲ್‌ಗೆ ಜಾಗ ಕೊಡುವ ಅತಿ ಸಣ್ಣ ತುಂಡು, ಇದ್ದರೆ ವಿಂಡೋಸ್ ಲೆಕ್ಕದ 16 ಟಿಬಿಯೇ ಕೊನೆ. ನಮ್ಮದು ಅದರ ಒಳಗೇ ನಿಂತಿದೆ. ಮುಂದೆ 8 ಟಿಬಿ ಡಿಸ್ಕ್‌ಗೆ ಹೋಗುವಾಗ 64 ಕೆಬಿ ಕ್ಲಸ್ಟರ್ ಇಟ್ಟು ಹೊಸದಾಗಿ ಫಾರ್ಮ್ಯಾಟ್ ಮಾಡುತ್ತೇವೆ.