ವಿಜಯಪುರದ ಒಂದು ಖಾನಾವಳಿ: ರೊಟ್ಟಿಗೂ ಹೋಗಿ, ಚೀಟಿಗೂ ಹೋಗಿ

ಸಿದ್ಧೇಶ್ವರ ಗುಡಿ ಕಡೆ ಇರುವ ಚಿಕ್ಕ ಖಾನಾವಳಿ ಇದು. ಬೋರ್ಡು ಮಾಸಿದೆ, ಬೆಂಚು ನಾಲ್ಕೇ. ಆದರೆ ಜೋಳದ ರೊಟ್ಟಿ ತಟ್ಟೆಗೆ ಬೀಳುವಾಗ ಇನ್ನೂ ಹೊಗೆಯಾಡುತ್ತಿರುತ್ತದೆ, ಬದನೆಕಾಯಿ ಎಣ್ಣೆಗಾಯಿಯಲ್ಲಿ ಗುರೆಳ್ಳು ಧಾರಾಳ, ಶೇಂಗಾ ಹಿಂಡಿ ಜೊತೆ ಗಟ್ಟಿ ಮೊಸರು ಕೇಳದೆಯೇ ಬರುತ್ತದೆ. ಸಾರಿಗೆ ಮಾತ್ರ ಉಪ್ಪು ಜಾಸ್ತಿ.

ಮುಖ್ಯವಾಗಿ ಹೇಳಬೇಕಿದ್ದು ಗಲ್ಲಾ ಪಕ್ಕದ ಮೊಳೆಯ ಬಗ್ಗೆ. ನಿಮ್ಮ ಊಟದ ಜೊತೆ ಇನ್ನೊಂದು ಊಟದ ದುಡ್ಡು ಕೊಟ್ಟರೆ ಖಾನಾವಳಿ ನಡೆಸುವ ಅಕ್ಕಾರು ಆ ಮೊಳೆಗೆ ಒಂದು ಚೀಟಿ ಚುಚ್ಚುತ್ತಾರೆ, ಕೈಯಲ್ಲಿ ಕಾಸಿಲ್ಲದವರು ಅದನ್ನು ತೆಗೆದುಕೊಂಡು ಬಂದು ಕೂತರೆ ಅದೇ ತಟ್ಟೆ, ಅದೇ ರೊಟ್ಟಿ, ಯಾರೂ ಏನೂ ಕೇಳಲ್ಲ. ಗಾರೆ ಕೆಲಸದ ಹುಡುಗನೊಬ್ಬ ಚೀಟಿ ಕೊಟ್ಟಾಗ ಅಕ್ಕಾರು "ತಮ್ಮಾ, ಇನ್ನೊಂದು ರೊಟ್ಟಿ ಹಾಕಲೇನು?" ಅಂದರು, ಅಷ್ಟೇ.

ದಾನ ಸಾಹುಕಾರರ ಕೆಲಸ ಅನ್ನುವವರು ಇದ್ದಾರಲ್ವಾ, ಅವರಿಗೆ ಇದನ್ನು ಹೇಳಿ. ಅಮೆರಿಕದಲ್ಲಿ 2011ರಿಂದ ಆಗಸ್ಟ್ ತಿಂಗಳನ್ನು ಕಪ್ಪು ಜನರು ಮಾಡುವ ದಾನಧರ್ಮದ ತಿಂಗಳಾಗಿ ಆಚರಿಸುತ್ತಾರೆ. ಮಿಸಿಸಿಪ್ಪಿಯ ಓಸಿಯೋಲಾ ಮೆಕಾರ್ಟಿ ಎಂಬ ಕಪ್ಪು ಹೆಂಗಸು ಬದುಕಿಡೀ ಊರವರ ಬಟ್ಟೆ ಒಗೆದು ಕೂಡಿಟ್ಟ ದುಡ್ಡಿನಲ್ಲಿ 1,50,000 ಡಾಲರನ್ನು 1995ರಲ್ಲಿ ವಿಶ್ವವಿದ್ಯಾಲಯಕ್ಕೆ ಕೊಟ್ಟರು, ಮಕ್ಕಳ ಓದಿಗೆ. ದಾಸೋಹ ಕಂಡ ನಮ್ಮ ಕಡೆಯವರಿಗೆ ಇದು ಹೊಸದಲ್ಲ ಬಿಡಿ.

ಒಂದೇ ತಕರಾರು: ಫೋನಿನಲ್ಲಿ ದುಡ್ಡು ಹಾಕಿದರೆ ಚೀಟಿ ಚುಚ್ಚುವುದು ಮರೆಯುತ್ತಾರೆ, ನಿಂತು ನೆನಪಿಸಿ. ಮಧ್ಯಾಹ್ನ ಎರಡರೊಳಗೆ ಹೋಗಿ, ಆಮೇಲೆ ಎಣ್ಣೆಗಾಯಿ ಸಿಗಲ್ಲ.