ಸಿಂಕ್‌ಗೆ ಪುಡಿ ಸುರಿದಿದ್ದರೆ ಪೈಪು ಬಿಚ್ಚುವವರಿಗೆ ಮೊದಲೇ ಹೇಳಿ

ಬನದ ಹುಣ್ಣಿಮೆ ಹತ್ತಿರ ಬಂತು. ಗವಿಮಠದ ಜಾತ್ರೆಯ ದಾಸೋಹಕ್ಕೆಂದು ಕೊಪ್ಪಳದ ನಮ್ಮ ಓಣಿಯಲ್ಲಿ ಆಗಲೇ ರೊಟ್ಟಿ ಬಡಿಯುವ ಸದ್ದು ಶುರುವಾಗಿದೆ. ಹೋದ ವರ್ಷ ಇದೇ ಹೊತ್ತಿನಲ್ಲಿ ನನ್ನಿಂದ ಒಂದು ತಪ್ಪಾಯಿತು. ಅದಕ್ಕೇ ಈಗ ಬರೆಯುತ್ತಿದ್ದೇನೆ.

ನಾಲ್ಕು ಮಂದಿ ಕೂತು ಮೂರು ದಿನ ರೊಟ್ಟಿ ಬಡಿದೆವು. ಪರಾತ ತೊಳೆದ ನೀರನ್ನೆಲ್ಲ ಸಿಂಕ್‌ಗೇ ಚೆಲ್ಲಿದೆವು. ಜೋಳದ ಹಿಟ್ಟಿಗೆ ತಾನಾಗಿ ಜಿಗಿ ಇಲ್ಲ, ಕುದಿಯುವ ಎಸರು ಹಾಕಿ ನಾದಿದರೇ ಅಂಟು ಬರುವುದು. ಆ ಅಂಟು ಪೈಪಿನೊಳಗಿನ ಎಣ್ಣೆಜಿಡ್ಡಿನ ಜತೆ ಸೇರಿ ಗೋಂದಿನ ಹಾಗೆ ಕೂತಿತು. ನಾಲ್ಕನೇ ದಿನ ನೀರು ಇಳಿಯಲೇ ಇಲ್ಲ.

ಅಂಗಡಿಯಿಂದ ಡ್ರೈನ್ ಪುಡಿ ತಂದೆ. ಅದರಲ್ಲಿರುವುದು ಕಾಸ್ಟಿಕ್ ಸೋಡಾ. ಒಂದು ಪೊಟ್ಟಣ ಸುರಿದೆ. ಬುರಬುರ ನೊರೆ ಬಂತು, ಕೆಳಗಿನ ಪೈಪು ಮುಟ್ಟಿದರೆ ಬಿಸಿ, ನೀರು ಮಾತ್ರ ಅಲ್ಲೇ ನಿಂತಿತ್ತು. ರಾತ್ರಿ ಇನ್ನೊಂದು ಪೊಟ್ಟಣ ಸುರಿದು ಮಲಗಿದೆ.

ಬೆಳಿಗ್ಗೆ ಪ್ಲಂಬರ್ ಹುಡುಗ ಬಂದ. ಪುಡಿ ಹಾಕಿದ್ದನ್ನು ನಾನು ಹೇಳಲಿಲ್ಲ. ಇಷ್ಟು ಹೊತ್ತಿಗೆ ಅದರ ಸತ್ವ ಹೋಗಿರುತ್ತದೆ ಅಂದುಕೊಂಡಿದ್ದೆ. ನೀರೇ ಹರಿಯದಿದ್ದರೆ ಅದು ಎಲ್ಲಿಗೆ ಹೋದೀತು? ಅರ್ಧ ಕರಗಿ, ಅರ್ಧ ಬಿಳಿ ಹೆಂಟೆಯಾಗಿ ಸಿಂಕ್ ಕೆಳಗಿನ ಟ್ರ್ಯಾಪ್‌ನಲ್ಲೇ, ಅಂದರೆ ನೀರು ನಿಲ್ಲುವ ಬಾಗಿದ ಪೈಪಿನಲ್ಲೇ, ಕೂತಿತ್ತು.

ಅವನು ಬರಿಗೈಯಲ್ಲಿ ಟ್ರ್ಯಾಪ್ ತಿರುಗಿಸಿದ. ಬೂದು ನೀರು ಮುಂಗೈಯಿಂದ ಮೊಣಕೈವರೆಗೆ ಇಳಿಯಿತು. "ಸಬಕಾರದ ನೀರಿದ್ದಂಗ ಜಾರಾಕತ್ತೈತ್ರಿ ಅಕ್ಕಾರ," ಅಂದ. ಪ್ಯಾಂಟಿಗೆ ಒರೆಸಿಕೊಂಡು ಕೆಲಸ ಮುಂದುವರಿಸಿದ. ಜಾರುವುದೇ ಅದರ ಗುರುತು ಎಂದು ಆಮೇಲೆ ಗೊತ್ತಾಯಿತು. ಕಾಸ್ಟಿಕ್ ಸೋಡಾ ಚರ್ಮದ ಜಿಡ್ಡನ್ನೇ ಸಾಬೂನು ಮಾಡುತ್ತ ಒಳಕ್ಕಿಳಿಯುತ್ತದೆ. ಆಸಿಡ್ ಬಿದ್ದರೆ ಚುರ್ ಅನ್ನುತ್ತದೆ, ಕೈ ಹಿಂದಕ್ಕೆ ಎಳೆದುಕೊಳ್ಳುತ್ತೇವೆ. ಇದರ ಉರಿ ತಡವಾಗಿ ಬರುತ್ತದೆ. ಅವನು ಉರಿ ಎಂದು ಎದ್ದು ನಿಂತಾಗ ತೋಳು ಕೆಂಪಗಾಗಿ, ಮುಂಗೈಯ ಚರ್ಮ ಒದ್ದೆ ಕಾಗದದ ಹಾಗೆ ಬೆಳ್ಳಗಾಗಿತ್ತು.

ಪಕ್ಕದ ಮನೆಯ ಅಮ್ಮ ನಿಂಬೆಹಣ್ಣು ಹಿಡಿದು ಓಡಿಬಂದರು. ನರ್ಸಿಂಗ್ ಓದುವ ನನ್ನ ತಂಗಿ ಬೇಡವೇ ಬೇಡ ಅಂದಳು. ಸೋಡಾಕ್ಕೆ ಹುಳಿ ಸೇರಿದರೆ ಇನ್ನಷ್ಟು ಕಾವು ಏಳುತ್ತದಂತೆ. ಬರೀ ನೀರು, ಅದೂ ಒಂದು ಚೊಂಬಲ್ಲ. ನಲ್ಲಿ ನೀರು ಬರದ ದಿನ ಅದು. ಅಂಗಳದ ಡ್ರಮ್ಮಿನಿಂದ ಮೊಗೆದು ಮೊಗೆದು 20 ನಿಮಿಷ ಸುರಿದೆವು, ಆಮೇಲೆ ಆಸ್ಪತ್ರೆಗೆ ಕರೆದೊಯ್ದೆವು. ಪುಣ್ಯಕ್ಕೆ ಕಣ್ಣಿಗೆ ಸಿಡಿಯಲಿಲ್ಲ. ಸಿಡಿದಿದ್ದರೆ ದೃಷ್ಟಿಯೇ ಹೋಗಬಹುದಿತ್ತು. ಔಷಧದ ಖರ್ಚು, ಅವನ ಕೂಲಿ ಎಲ್ಲ ಕೊಟ್ಟೆ. ಆದರೆ ಎರಡು ವಾರ ಅವನು ಪಾನಾ ಹಿಡಿಯಲಾಗಲಿಲ್ಲ.

ಪುಡಿ ಹಾಕಿಯೂ ನೀರು ನಿಂತರೆ ದಯವಿಟ್ಟು ಮತ್ತೊಂದು ಪೊಟ್ಟಣ ಸುರಿಯಬೇಡಿ. ಅದರ ಮೇಲೆ ಬಾತ್‌ರೂಮ್ ಆಸಿಡ್ ಅಂತೂ ಬೇಡವೇ ಬೇಡ, ಕುದಿದು ಮುಖಕ್ಕೇ ಚಿಮ್ಮುತ್ತದೆ. ಆಸಿಡ್‌ಗೆ ಬ್ಲೀಚಿಂಗ್ ಪುಡಿ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಪೈಪು ಬಿಚ್ಚುವವರಿಗೆ ಏನು ಹಾಕಿದ್ದೀರಿ, ಎಷ್ಟು ಹೊತ್ತಾಯಿತು ಹೇಳಿ, ಪೊಟ್ಟಣ ತೋರಿಸಿ, ರಬ್ಬರ್ ಗ್ಲೌಸ್ ಕೊಡಿ, ಕೆಳಗೆ ಪ್ಲಾಸ್ಟಿಕ್ ಬಕೆಟ್ ಇಡಿ.

ನಮ್ಮ ಪೈಪಿಗೆ ಕೊನೆಗೆ ಬೇಕಾಗಿದ್ದು ಒಂದು ತಂತಿ, ಒಂದು ಹಳೇ ಬ್ರಷ್ಷು ಅಷ್ಟೇ. ಹೆಬ್ಬೆರಳು ದಪ್ಪದ ಹಿಟ್ಟಿನ ಉಂಡೆ ಹೊರಗೆ ಬಂತು. ನಮ್ಮವ್ವನ ಕಾಲದಲ್ಲಿ ಪರಾತ ತೊಳೆದ ನೀರು ದನದ ಮುಸುರೆಗೆ ಹೋಗುತ್ತಿತ್ತು. ಈಗ ನಾನು ಹಿತ್ತಲ ಕರಿಬೇವಿನ ಬುಡಕ್ಕೆ ಹಾಕುತ್ತೇನೆ.

ಹೋದ ತಿಂಗಳು ನಲ್ಲಿ ಸೋರುತ್ತಿತ್ತೆಂದು ಅದೇ ಹುಡುಗನನ್ನು ಕರೆದೆ. ಸಿಂಕ್ ಕೆಳಗೆ ಕೂರುವ ಮೊದಲು ಅಂಗಿಯ ತೋಳು ಕೆಳಗಿಳಿಸಿಕೊಂಡು, "ಏನರ ಹಾಕೀರೇನ್ರಿ ಅಕ್ಕಾರ?" ಅಂತ ಕೇಳಿದ.

"ಇಲ್ಲಪಾ, ಬರೇ ನೀರು," ಅಂದೆ.